ಟೆರೇಸ್‌ನಿಂದ ಮ್ಯಾಟ್‌ಗೆ: ಮನೇಲೇ ಕಲಿತ ಫೈಟರ್‌ಗಳ ಪ್ರಶ್ನೆಗಳು

ಈ ಸಲ ಬಂದ ಪತ್ರ, ಮೇಲ್, ವಾಟ್ಸಾಪ್ ಮೆಸೇಜು ಎಲ್ಲಾ ಒಟ್ಟಿಗೆ ಇಟ್ಕೊಂಡು ನೋಡಿದ್ರೆ ಹೆಚ್ಚಿನವು ಒಂದೇ ಥರ ಇವೆ. ಮನೇಲಿ ವಿಡಿಯೋ ನೋಡ್ಕೊಂಡು ಕರಾಟೆ, ಕಿಕ್‌ಬಾಕ್ಸಿಂಗ್, ಜುಜಿತ್ಸು ಅಂತ ಏನೋ ಒಂದು ಕಲ್ತಿದೀವಿ, ಈಗ ಸರಿಯಾಗಿ ಕ್ಲಾಸಿಗೆ ಸೇರ್ಬೇಕು, ಆದ್ರೆ ಭಯ, ನಾಚಿಕೆ, ಅನುಮಾನ. ಅದಕ್ಕೇ ಈ ಸಲದ ಕಾಲಮ್ ಪೂರ್ತಿ ಇವರಿಗೇ ಕೊಡ್ತಾ ಇದೀನಿ.

ಪ್ರಶ್ನೆ: ನಮಸ್ತೆ ಮೇಡಂ. ನಂಗೆ 23 ವರ್ಷ. ಪಿಯುಸಿ ಟೈಮಿಂದ ಮನೆ ಟೆರೇಸ್ ಮೇಲೆ ಯೂಟ್ಯೂಬ್ ನೋಡ್ಕೊಂಡು ಕಿಕ್‌ಬಾಕ್ಸಿಂಗ್ ಪ್ರಾಕ್ಟೀಸ್ ಮಾಡ್ತಿದೀನಿ, ಗೋಣಿಚೀಲಕ್ಕೆ ಮರಳು ತುಂಬಿ ಬ್ಯಾಗ್ ಕೂಡ ನಾನೇ ಮಾಡ್ಕೊಂಡಿದ್ದೆ. ಈಗ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದಿದೀನಿ, ರೂಮ್ ಹತ್ರಾನೇ ಮುಯ್ ಥಾಯ್ (ಥೈಲ್ಯಾಂಡಿನ ಕಿಕ್‌ಬಾಕ್ಸಿಂಗ್) ಜಿಮ್ ಇದೆ, ಬಾಗಿಲ ತನಕ ಹೋಗಿ ವಾಪಸ್ ಬರ್ತೀನಿ. ಒಳಗೆ ಹೋದ್ರೆ ನಗ್ತಾರೇನೋ ಅನ್ಸುತ್ತೆ. ಮೊದಲಿಂದ ಶುರು ಮಾಡು ಅಂದ್ರೆ ಇಷ್ಟು ವರ್ಷ ಮಾಡಿದ್ದೆಲ್ಲಾ ವೇಸ್ಟಾ?
— ತಿಪಟೂರಿನ ಓದುಗ

ಉತ್ತರ: ವೇಸ್ಟ್ ಅಲ್ಲವೇ ಅಲ್ಲ. ಯಾರೂ ಬೈಯೋರಿಲ್ಲ, ಯಾರೂ ಹೊಗಳೋರಿಲ್ಲ, ಆದ್ರೂ ದಿನಾ ಬೆಳಿಗ್ಗೆ ಎದ್ದು ಟೆರೇಸ್ ಹತ್ತಿದ್ರಲ್ಲ, ಆ ಅಭ್ಯಾಸ ಇಲ್ಲದೇ ಎಷ್ಟೋ ಜನ ಫೀಸು ಕಟ್ಟಿ ಎರಡನೇ ತಿಂಗಳಿಗೆ ಕ್ಲಾಸ್ ಬಿಟ್ಟು ಹೋಗ್ತಾರೆ. ನಿಮ್ಮ ದಮ್ಮು, ಸೊಂಟದ ಬಳಕು, ಕಾಲೆತ್ತೋ ಶಕ್ತಿ ಇವೆಲ್ಲಾ ನಿಮ್ಮ ಜೊತೆ ಒಳಗೆ ಬರುತ್ತೆ. ಬರದೇ ಇರೋದು ಒಂದೇ, ಎದುರಿಗೆ ಇನ್ನೊಬ್ಬ ಮನುಷ್ಯ ಇದ್ದಾಗ ಏನಾಗುತ್ತೆ ಅನ್ನೋ ಅನುಭವ. ಬ್ಯಾಗು ಹಿಂದೆ ಸರಿಯಲ್ಲ, ವಾಪಸ್ ಹೊಡಿಯಲ್ಲ, ನಿಮ್ಮ ಭುಜ ಅಲ್ಲಾಡಿದ್ದು ನೋಡಿ ಮೊದಲೇ ತಿಳ್ಕೊಳ್ಳಲ್ಲ. ಕ್ಲಾಸಿಗೆ ಹೋಗೋದು ಮುಖ್ಯವಾಗಿ ಆ ಇನ್ನೊಬ್ಬ ಮನುಷ್ಯನಿಗೋಸ್ಕರ.

ಇವಾನ್ ಟ್ಯಾನರ್ ಅಂತ ಅಮೆರಿಕದ ಫೈಟರ್ ಒಬ್ರಿದ್ರು, ಟೆಕ್ಸಾಸ್‌ನ ಅಮರಿಲ್ಲೋದವರು. ಬ್ರೆಜಿಲಿಯನ್ ಜುಜಿತ್ಸು ಬೆಳೆಸಿದ ಗ್ರೇಸಿ ಕುಟುಂಬದವರ ವಿಡಿಯೋ ಕ್ಯಾಸೆಟ್ ನೋಡಿ ಕೀಲು ತಿರುಚೋ ಲಾಕ್, ಕತ್ತು ಒತ್ತೋ ಚೋಕ್ ಎಲ್ಲಾ ಕಲಿತವರು ಅಂತ ಹೆಸರು, 2005ರಲ್ಲಿ ಯುಎಫ್‌ಸಿ ಅನ್ನೋ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಸ್ಪರ್ಧೆಯಲ್ಲಿ ಮಿಡಲ್‌ವೇಟ್ ಚಾಂಪಿಯನ್ ಆದ್ರು. ಈ ಕಥೆನ ಇಷ್ಟಕ್ಕೇ ನಿಲ್ಲಿಸಿ, ನೋಡಿ ಕ್ಯಾಸೆಟ್ ಸಾಕು ಅಂತ ಹೇಳೋರು ಬಹಳ ಜನ. ಆದ್ರೆ ಅವರು ಸ್ಕೂಲಲ್ಲಿ ಕುಸ್ತಿ ಮಾಡಿ ರಾಜ್ಯ ಮಟ್ಟದಲ್ಲಿ ಗೆದ್ದಿದ್ದವರು, ಮೈಗೆ ಮೈ ತಾಗಿಸಿ ಕಲಿತಿದ್ರು, ಆಮೇಲೆ ಕ್ಯಾಸೆಟ್ಟು. ಚಾಂಪಿಯನ್ ಆಗೋಕೆ ಮುಂಚೆ ಒರೆಗಾನ್‌ಗೆ ಹೋಗಿ ಟೀಮ್ ಕ್ವೆಸ್ಟ್ ಅನ್ನೋ ಫೈಟರ್‌ಗಳ ತಂಡ ಸೇರ್ಕೊಂಡ್ರು, ರ‍್ಯಾಂಡಿ ಕೊಟೂರ್, ಮ್ಯಾಟ್ ಲಿಂಡ್‌ಲ್ಯಾಂಡ್ ಥರದವರ ಜೊತೆ ಟ್ರೇನಿಂಗ್ ಮಾಡಿದ್ರು. ಅಷ್ಟು ಪ್ರತಿಭೆ ಇದ್ದವರೇ ಜನ ಹುಡುಕ್ಕೊಂಡು ಹೋದ್ರು, ನೀವು ಬಾಗಿಲಲ್ಲಿ ನಿಂತು ಯಾಕೆ ಯೋಚನೆ ಮಾಡ್ತೀರಿ?

ಈಗ ಕೋಚ್ ಏನೇನು ತಿದ್ದಬಹುದು ಅಂತ ಮೊದಲೇ ಹೇಳ್ಬಿಡ್ತೀನಿ, ಆಗ ಬೇಜಾರಾಗಲ್ಲ. ಮೊದಲನೇದು ನಿಮ್ಮ ನಿಲುವೇ ಉಲ್ಟಾ ಇರಬಹುದು, ಯಾಕಂದ್ರೆ ಸ್ಕ್ರೀನಲ್ಲಿ ನಮ್ಮ ಕಡೆ ಮುಖ ಮಾಡಿ ನಿಂತವರನ್ನ ಕನ್ನಡಿ ಥರ ನಕಲು ಮಾಡಿದ್ರೆ ಬಲಗೈಯವರು ಎಡಗೈಯವರ ಥರ ನಿಂತ್ಕೊಂಡು ಬಿಡ್ತಾರೆ, ಎಷ್ಟೋ ಜನಕ್ಕೆ ವರ್ಷಗಟ್ಟಲೆ ಗೊತ್ತೇ ಆಗಿರಲ್ಲ. ಎರಡನೇದು, ಗಾಳಿಗೆ ಪಂಚ್ ಮಾಡೋವಾಗ ಮೊಣಕೈ ಪೂರ್ತಿ ಝಾಡಿಸಿ ಲಾಕ್ ಮಾಡೋದು, ಅದರಿಂದಾನೇ ಮೊಣಕೈ ಒಳಗಡೆ ನೋವು ಬರೋದು. ರೌಂಡ್‌ಹೌಸ್ ಕಿಕ್ ಹೊಡಿಯೋವಾಗ ನೆಲದ ಮೇಲಿರೋ ಕಾಲಿನ ಹಿಮ್ಮಡಿ ತಿರುಗಬೇಕು, ಬರಿಗಾಲಲ್ಲಿ ತರಿತರಿ ಸಿಮೆಂಟ್ ಮೇಲೆ ಮಾಡಿದವರಿಗೆ ಪಾದ ಕಚ್ಕೊಂಡು ನಿಲ್ಲುತ್ತೆ, ತಿರುಗೋ ಭಾರ ಎಲ್ಲಾ ಮಂಡಿ ಮೇಲೆ ಬೀಳುತ್ತೆ, ಇದನ್ನ ಮಾತ್ರ ಮೊದಲ ವಾರವೇ ಸರಿ ಮಾಡ್ಕೊಳ್ಳಿ. ಇನ್ನು ಕೈ ಹೊಡೆದು ಸೊಂಟಕ್ಕೆ ಬಿಡೋದು, ಗದ್ದ ಮೇಲೆತ್ತಿ ನಿಲ್ಲೋದು, ಅದಕ್ಕೆ ಪ್ಯಾಡ್ ಹಿಡಿದವರು ತಲೆ ಮೇಲೊಂದು ಮೊಟಕಿದ್ರೆ ತಾನಾಗೇ ನೆನಪಿರುತ್ತೆ. ಊರಲ್ಲಿರೋ ಆ ಮರಳಿನ ಚೀಲನ ತಮ್ಮನಿಗೆ ದಾನ ಮಾಡ್ಬೇಡಿ, ಮರಳು ಕೆಳಗೆ ಕೂತು ತಳ ಕಲ್ಲಿನ ಹಾಗಾಗಿರುತ್ತೆ, ಮಣಿಕಟ್ಟು ಹೋಗುತ್ತೆ. ಹಳೇ ಬಟ್ಟೆ ಒತ್ತಿ ತುಂಬಿದ್ರೆ ಸಾಕು.

ಮೊದಲ ದಿನ ಕೋಚ್ ಹತ್ರ ಒಂದೇ ಮಾತು ಹೇಳಿ, "ಮನೇಲಿ ವಿಡಿಯೋ ನೋಡಿ ಪ್ರಾಕ್ಟೀಸ್ ಮಾಡಿದೀನಿ ಸರ್, ಯಾರ ಜೊತೆನೂ ಸ್ಪಾರಿಂಗ್ ಮಾಡಿಲ್ಲ." ಇದರಲ್ಲಿ ಎರಡನೇ ಭಾಗ, ಅಂದ್ರೆ ಜೊತೆಗಾರರ ಎದುರು ಅಭ್ಯಾಸದ ಫೈಟ್ (ಸ್ಪಾರಿಂಗ್) ಮಾಡಿಲ್ಲ ಅನ್ನೋದು, ಬಹಳ ಮುಖ್ಯ, ಯಾಕಂದ್ರೆ ನಿಮ್ಮ ಕಿಕ್ ನೋಡಿ ಇವನು ಹಳಬ ಅಂದ್ಕೊಂಡು ನಿಮ್ಮನ್ನ ಸೀನಿಯರ್ ಮುಂದೆ ನಿಲ್ಲಿಸಿಬಿಟ್ರೆ ಕಷ್ಟ. ಗ್ಲೌಸ್ ಒಳಗೆ ಕೈಗೆ ಸುತ್ತೋ ನಾಲ್ಕೂವರೆ ಮೀಟರಿನ ಹ್ಯಾಂಡ್‌ರ‍್ಯಾಪ್ ಒಂದು ಜೊತೆ ತಗೊಳ್ಳಿ, ಉಗುರು ಕತ್ತರಿಸಿ, ಹೋಗಿ. ಯಾರೂ ನಗಲ್ಲ, ಮೂರನೇ ರೌಂಡಲ್ಲಿ ಎಲ್ಲರಿಗೂ ಅವರವರ ಉಸಿರಿನದ್ದೇ ಚಿಂತೆ ಇರುತ್ತೆ.

ಪ್ರಶ್ನೆ: ಅಕ್ಕ, ಬ್ರೂಸ್ ಲೀ ಯಾವ ಕ್ಲಾಸಿಗೆ ಹೋಗಿದ್ರು? ಯಾವ ಬೆಲ್ಟ್ ಇತ್ತು? ಒಬ್ಬರೇ ಕಲಿತು ಅಷ್ಟು ದೊಡ್ಡವರಾಗಿಲ್ವಾ?
— ಕಾಲೇಜು ಹುಡುಗ, ಕೋಲಾರ

ಉತ್ತರ: ಹೋಗಿದ್ರು ತಮ್ಮ. ಹಾಂಗ್‌ಕಾಂಗ್‌ನಲ್ಲಿ ಹುಡುಗನಾಗಿದ್ದಾಗ್ಲೇ ಇಪ್ ಮ್ಯಾನ್ ಅನ್ನೋ ಗುರುಗಳ ಹತ್ರ ವಿಂಗ್ ಚುನ್ ಅನ್ನೋ ಕುಂಗ್‌ಫು ಶೈಲಿ ಕಲಿತ್ರು, ಅಲ್ಲಿ ವಾಂಗ್ ಶುನ್ ಲ್ಯೂಂಗ್ ಅನ್ನೋ ಸೀನಿಯರ್ ಜೊತೆ ಪ್ರಾಕ್ಟೀಸ್ ಮಾಡಿದ್ರು, 1958ರಲ್ಲಿ ಸ್ಕೂಲುಗಳ ಬಾಕ್ಸಿಂಗ್ ಟೂರ್ನಮೆಂಟ್ ಗೆದ್ದಿದ್ರು. ಬೆಲ್ಟ್ ಇರ್ಲಿಲ್ಲ, ಯಾಕಂದ್ರೆ ವಿಂಗ್ ಚುನ್‌ನಲ್ಲಿ ಆಗ ಆ ಪದ್ಧತಿನೇ ಇರ್ಲಿಲ್ಲ. ತಮ್ಮದೇ ದಾರಿ ಮಾಡ್ಕೊಂಡಿದ್ದು ಇದೆಲ್ಲಾ ಆದ್ಮೇಲೆ. ಕ್ಯೋಕುಶಿನ್ ಕರಾಟೆ ಶುರು ಮಾಡಿದ ಮಾಸ್ ಒಯಾಮಾ ಬೆಟ್ಟದಲ್ಲಿ ಒಂಟಿಯಾಗಿ ಸಾಧನೆ ಮಾಡಿದ ಕಥೆನೂ ನೀನು ಕೇಳಿರ್ತೀಯ, ಅವರೂ ಬೆಟ್ಟ ಹತ್ತೋಕೆ ಮುಂಚೆ ಕರಾಟೆ ಗುರು ಫುನಾಕೋಶಿಯವರ ಡೋಜೋದಲ್ಲಿ (ಅಭ್ಯಾಸ ಶಾಲೆಯಲ್ಲಿ) ಕಲಿತವರೇ. ಇನ್ನೊಂದು ವಿಷಯ, ಬ್ರೂಸ್ ಲೀಗೆ 1970ರಲ್ಲಿ ಬೆನ್ನಿಗೆ ಜೋರಾಗಿ ಪೆಟ್ಟಾಗಿದ್ದು ಫೈಟಲ್ಲಲ್ಲ, ಒಬ್ಬರೇ ಭುಜದ ಮೇಲೆ ಬಾರ್‌ಬೆಲ್ ಇಟ್ಕೊಂಡು ಬಗ್ಗೋ ವ್ಯಾಯಾಮ ಮಾಡೋವಾಗ. ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ರು.

ಪ್ರಶ್ನೆ: ಮೇಡಂ, ನಮ್ಮ ಮಗನಿಗೆ 14 ವರ್ಷ. ಮೊಬೈಲ್ ನೋಡಿ ನೋಡಿ ಫ್ರೆಂಡ್ಸ್ ಜೊತೆ ಮಹಡಿ ಮೇಲೆ ಎತ್ತಿ ಎಸೆಯೋದು, ಕತ್ತು ಹಿಡಿಯೋದು, ಕಾಲು ತಿರುಚೋದು ಎಲ್ಲಾ ಮಾಡ್ತಾನೆ. ಮೊನ್ನೆ ಎರಡೂ ಕಾಲಲ್ಲಿ ಕತ್ತರಿ ಹಾಕಿ ಗೆಳೆಯನನ್ನ ಬೀಳಿಸಿದ, ಆ ಹುಡುಗನ ಮಂಡಿ ಊದಿಕೊಂಡಿತ್ತು. ಬೈದ್ರೆ ಕೇಳಲ್ಲ. ಕ್ಲಾಸಿಗೆ ಸೇರಿಸಿದ್ರೆ ಇನ್ನೂ ಜಾಸ್ತಿ ಆಗುತ್ತಾ ಅಂತ ನಮ್ಮ ಮನೆಯವರಿಗೆ ಹೆದರಿಕೆ.
— ತಂದೆ, ದಾವಣಗೆರೆ

ಉತ್ತರ: ಸರ್, ಕ್ಲಾಸಿಗೆ ಸೇರಿಸಿ, ಆದ್ರೆ ಅದಕ್ಕಿಂತ ಮುಂಚೆ, ಇವತ್ತೇ, ಮಹಡಿ ಮೇಲೆ ಎಸೆಯೋದು ನಿಲ್ಲಬೇಕು. ಪಂಚು ಕಿಕ್ಕು ಒಬ್ಬನೇ ಎಷ್ಟು ಬೇಕಾದ್ರೂ ಮಾಡ್ಕೊಳ್ಳಲಿ, ಎತ್ತಿ ಹಾಕೋದು ಮಾತ್ರ ಕಾಂಕ್ರೀಟ್ ಮೇಲೆ ಬೇಡವೇ ಬೇಡ. ತಲೆ ಹಿಂಭಾಗ ಒಂದು ಸಲ ನೆಲಕ್ಕೆ ಬಡಿದ್ರೆ ಸಾಕು. ಯಾವ ಹುಡುಗನಿಗಾದ್ರೂ ತಲೆಗೆ ಪೆಟ್ಟು ಬಿದ್ದು ಆಮೇಲೆ ತಲೆನೋವು, ವಾಂತಿ, ತೂಕಡಿಕೆ, ಮಾತಲ್ಲಿ ತಡವರಿಕೆ ಏನಾದ್ರೂ ಕಂಡ್ರೆ ನಾಳೆ ನೋಡೋಣ ಅನ್ನದೇ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ನಿಮ್ಮ ಮಗ ಹಾಕಿದ ಆ ಕತ್ತರಿ ಪಟ್ಟಿಗೆ ಜೂಡೋದಲ್ಲಿ ಕಾನಿ ಬಸಾಮಿ ಅಂತಾರೆ. 1980ರಲ್ಲಿ ಜಪಾನಿನ ಯಾಸುಹಿರೋ ಯಮಶಿತಾ ಅಂತಹ ಮಹಾ ಪಟುವಿನ ಕಾಲೇ ಇದರಿಂದ ಮುರೀತು, ಈಗ ಜೂಡೋ ಸ್ಪರ್ಧೆಗಳಲ್ಲಿ ಅದನ್ನ ಹಾಕೋ ಹಾಗಿಲ್ಲ. ಹಿಮ್ಮಡಿ ಹಿಡಿದು ತಿರುಚೋ ಹೀಲ್ ಹುಕ್ ಅಂತ ಇನ್ನೊಂದಿದೆ, ಅದರಲ್ಲಿ ನೋವು ಗೊತ್ತಾಗೋ ಹೊತ್ತಿಗೆ ಮಂಡಿ ಒಳಗಿನ ಲಿಗಮೆಂಟ್ ಆಗಲೇ ಹರಿದಿರುತ್ತೆ. ಬ್ರೆಜಿಲಿಯನ್ ಜುಜಿತ್ಸುವಿನ ದೊಡ್ಡ ಸಂಸ್ಥೆ ಐಬಿಜೆಜೆಎಫ್ ಅದನ್ನ ಬ್ರೌನ್, ಬ್ಲ್ಯಾಕ್ ಬೆಲ್ಟ್ ಇರೋ ದೊಡ್ಡವರಿಗೆ ಮಾತ್ರ, ಅದೂ ಗಿ ಅನ್ನೋ ದಪ್ಪ ಅಂಗಿ ಹಾಕದೇ ಆಡೋ ಪಂದ್ಯದಲ್ಲಿ ಮಾತ್ರ ಬಿಡುತ್ತೆ. ಅರ್ಧ ನಿಮಿಷದ ವಿಡಿಯೋದಲ್ಲಿ ಈ ವಿಷಯ ಯಾರೂ ಹೇಳಲ್ಲ, ಅದೇ ನನಗೆ ಸಂಕಟ. ಮಗನಿಗೆ ಬೈಯೋ ಬದಲು ಈ ಕಥೆ ಹೇಳಿ ನೋಡಿ. ಇಷ್ಟು ಆಸಕ್ತಿ ಇರೋ ಹುಡುಗರು ಇಂಥದ್ದನ್ನ ಕಿವಿ ಕೊಟ್ಟು ಕೇಳ್ತಾರೆ.

ಕ್ಲಾಸಲ್ಲಿ ಜಾಸ್ತಿ ಆಗುತ್ತಾ ಅಂದ್ರಿ. ಒಳ್ಳೆ ಜೂಡೋ ಕ್ಲಾಸಲ್ಲಿ ಮೊದಮೊದಲು ಬೀಳೋದೇ ಕಲಿಸ್ತಾರೆ, ಉಕೆಮಿ ಅಂತ, ಗದ್ದ ಎದೆಗೆ ಒತ್ತಿ, ಕೈ ಮ್ಯಾಟ್‌ಗೆ ಬಡಿದು, ತಲೆ ತಾಗದ ಹಾಗೆ. ನೂರು ಸಲ ತಾನೇ ಬಿದ್ದ ಹುಡುಗ ಇನ್ನೊಬ್ಬನನ್ನ ಬೀಳಿಸೋವಾಗ ಅವನ ತೋಳು ಬಿಡದೇ ಹಿಡ್ಕೋತಾನೆ. ಸಾಕು ಅಂತ ಕೈಯಲ್ಲಿ ತಟ್ಟಿ ಟ್ಯಾಪ್ ಮಾಡಿದ ಕ್ಷಣ ಬಿಡಬೇಕು ಅನ್ನೋದು ಅಲ್ಲಿ ಕಾನೂನು. ಜೊತೆಗೆ ನೀವಿರೋದು ದಾವಣಗೆರೆಯಲ್ಲಿ ಸರ್, ಕುಸ್ತಿ ಊರು! ಎಣ್ಣೆ, ಅರಿಶಿನ ಹಾಕಿ ಹದ ಮಾಡಿದ ಮಣ್ಣಿರೋ ಗರಡಿಗೆ ಒಂದು ದಿನ ಮಗನನ್ನ ಕರ್ಕೊಂಡು ಹೋಗಿ, ಉಸ್ತಾದರ ಎದುರು ನಿಲ್ಲಿಸಿ. ದಂಡ, ಬಸ್ಕಿ ಹೊಡೆಸಿ ಸುಸ್ತು ಮಾಡಿಸಿ ಆಮೇಲೆ ಒಂದೊಂದೇ ಪಟ್ಟು ಹೇಳಿಕೊಡ್ತಾರೆ, ಮಹಡಿ ಮೇಲೆ ಹಾರಾಡೋಕೆ ಅವನಲ್ಲಿ ಶಕ್ತಿ ಉಳಿಯಲ್ಲ. ಮುಂದೆ ಕ್ರೀಡೆಯಲ್ಲೇ ಬೆಳೀಬೇಕು ಅಂತಿದ್ರೆ ಕುಸ್ತಿ, ಜೂಡೋ, ಬಾಕ್ಸಿಂಗ್, ಟೇಕ್ವಾಂಡೋ ಒಲಿಂಪಿಕ್ಸಲ್ಲಿ ಇರೋ ಆಟಗಳು, ಕರಾಟೆ ಟೋಕಿಯೋದಲ್ಲಿ ಒಂದು ಸಲ ಬಂದು 2024ರ ಪ್ಯಾರಿಸ್‌ಗೆ ಕೈಬಿಟ್ಟು ಹೋಯ್ತು, ಇದೂ ಗೊತ್ತಿರ್ಲಿ.

ಪ್ರಶ್ನೆ: ಮೇಡಂ, ನನಗೆ 31. ಸ್ಕೂಲಲ್ಲಿ ಕರಾಟೆ ಬ್ರೌನ್ ಬೆಲ್ಟ್ ತನಕ ಮಾಡಿದ್ದೆ, ಮದುವೆ, ಮಗು ಅಂತ ಎಲ್ಲಾ ನಿಂತು ಹೋಯ್ತು. ಮಗು ಮಲಗಿದ ಮೇಲೆ ಹಾಲ್‌ನಲ್ಲಿ ಮತ್ತೆ ಶುರು ಮಾಡಿದೀನಿ, ಜುಜಿತ್ಸು ವಿಡಿಯೋ ನೋಡಿ ನೆಲದ ಮೇಲೆ ಹೊರಳಾಡೋ ಡ್ರಿಲ್ಸ್ ಕೂಡ ಮಾಡ್ತೀನಿ, ತುಂಬಾ ಇಷ್ಟ ಆಗಿದೆ. ಮಂಗಳೂರಲ್ಲಿ ಕ್ಲಾಸ್ ಇದೆ, ಆದ್ರೆ ಬರೋರೆಲ್ಲಾ ಗಂಡಸರು. ಯಜಮಾನರು ಬೇಡ ಅನ್ನಲ್ಲ, ಅತ್ತೆಗೆ ಹೇಳೋದೇ ಹೇಗೆ ಅಂತ. ನನಗೂ ಮುಜುಗರ ಇದೆ.
— ಹೆಸರು ಬೇಡ, ಉಡುಪಿ ಜಿಲ್ಲೆ

ಉತ್ತರ: ಮುಜುಗರ ಆಗೋದು ಸಹಜ, ಅದನ್ನ ಇಲ್ಲ ಅಂತ ನಟಿಸಬೇಕಾಗಿಲ್ಲ. ಜುಜಿತ್ಸುನಲ್ಲಿ ಅಪರಿಚಿತರ ಭಾರ ನಮ್ಮ ಮೈ ಮೇಲೆ ಬೀಳುತ್ತೆ, ಬೆವರು ಬೀಳುತ್ತೆ. ಮೊದಲು ಒಂದು ದಿನ ಸುಮ್ನೆ ಕೂತು ಕ್ಲಾಸ್ ನೋಡೋಕೆ ಅವಕಾಶ ಕೇಳಿ, ಅತ್ತೆಯವರಿಗೆ ಇಷ್ಟ ಇದ್ರೆ ಅವರನ್ನೂ ಕರ್ಕೊಂಡು ಹೋಗಿ, ನಾನು ನೋಡಿರೋ ಹಾಗೆ ದೂರದಿಂದ ಬೇಡ ಅನ್ನೋ ಹಿರಿಯರು ಕಣ್ಣಾರೆ ನೋಡಿದ ಮೇಲೆ ಅರ್ಧ ಸಮಾಧಾನ ಆಗ್ತಾರೆ. ನೀವು ಅಲ್ಲಿ ಗಮನಿಸಬೇಕಾದ್ದು, ದಪ್ಪ ಬಲಶಾಲಿ ಹುಡುಗ ಸಣ್ಣವರ ಜೊತೆ ಆಡೋವಾಗ ಭಾರ ಕಡಿಮೆ ಮಾಡ್ತಾನಾ, ಕೋಚ್ ಅದನ್ನ ನೋಡ್ತಾರಾ, ಯಾರಾದ್ರೂ "ಇವರ ಜೊತೆ ಬೇಡ ಸರ್" ಅಂದ್ರೆ ಯಾಕೆ ಅಂತ ಪ್ರಶ್ನೆ ಮಾಡದೇ ಜೋಡಿ ಬದಲಾಯಿಸ್ತಾರಾ. ಪಾರ್ಟ್‌ನರ್ ಬೇಡ ಅನ್ನೋ ಹಕ್ಕು ನಿಮ್ಮದು, ಕಾರಣ ಕೊಡಬೇಕಾಗಿಲ್ಲ. ಬಟ್ಟೆ ಬದಲಿಸೋಕೆ ಬಾಗಿಲು ಚಿಲಕ ಇರೋ ಜಾಗ ಇದೆಯಾ ಅಂತ ಕೂಡ ನೋಡಿ, ಅದು ಸಣ್ಣ ವಿಷಯ ಅಲ್ಲ.

ಓಲೆ, ಮೂಗುತಿ, ಬಳೆ, ಉಂಗುರ, ಸರ ಎಲ್ಲಾ ತೆಗೆದಿಟ್ಟೇ ಮ್ಯಾಟ್ ಹತ್ತಬೇಕು. ಕರಿಮಣಿ ತೆಗೆಯೋಕೆ ಮನಸ್ಸು ಒಪ್ಪಲ್ಲ ಅಂದ್ರೆ ನಿಮ್ಮ ಮೇಲೆ ಒತ್ತಾಯ ಇಲ್ಲ, ಆದ್ರೆ ಕತ್ತಿನಲ್ಲಿ ಸರ ಇಟ್ಕೊಂಡು ಮೈ ಹಿಡಿದು ಆಡೋ ಗ್ರ್ಯಾಪ್ಲಿಂಗ್ ಬೇಡ, ಚೋಕ್ ಹಾಕೋವಾಗ ಅದು ಕತ್ತನ್ನ ಕೊಯ್ಯುತ್ತೆ. ಆಗ ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್ ಪ್ಯಾಡ್ ಕ್ಲಾಸ್ ನೋಡಿ, ಅಲ್ಲಿ ಟೇಪ್ ಹಾಕ್ಕೊಂಡು ಟೀಶರ್ಟ್ ಒಳಗೆ ಬಿಟ್ಕೊಂಡ್ರೆ ನಡೆಯುತ್ತೆ.

ಕರಾಟೆ ಬ್ರೌನ್ ಬೆಲ್ಟ್ ಜುಜಿತ್ಸುನಲ್ಲಿ ಲೆಕ್ಕಕ್ಕೆ ಬರಲ್ಲ, ಬಿಳಿ ಬೆಲ್ಟಿಂದಾನೇ ಶುರು, ಅಲ್ಲಿ ಬ್ಲ್ಯಾಕ್ ಬೆಲ್ಟ್‌ಗೆ ಹತ್ತು ವರ್ಷ ಹಿಡಿಯೋದು ಮಾಮೂಲಿ. ನೀವು ಹಾಲ್‌ನಲ್ಲಿ ಮಾಡಿದ ಸೊಂಟ ಎತ್ತೋ ಬ್ರಿಡ್ಜ್, ಸೊಂಟ ಜಾರಿಸೋ ಡ್ರಿಲ್ ಮಾತ್ರ ಮೊದಲ ದಿನದಿಂದಲೇ ಕೆಲಸಕ್ಕೆ ಬರುತ್ತೆ, ಎಷ್ಟೋ ಹೊಸಬರಿಗೆ ಅದು ಬರೋಕೇ ವಾರಗಳು ಬೇಕು. ಹೆರಿಗೆ ಆಗಿ ಎಷ್ಟು ದಿನ ಆಗಿದೆ ಅಂತ ನೀವು ಬರೆದಿಲ್ಲ, ಹತ್ತಿರದ್ದಾಗಿದ್ರೆ, ಅದರಲ್ಲೂ ಸಿಸೇರಿಯನ್ ಆಗಿದ್ರೆ, ನಿಮ್ಮ ಡಾಕ್ಟರ್ ಹತ್ರ ಹೊಟ್ಟೆ ಮೇಲೆ ಭಾರ ಬೀಳೋ ಆಟ ಅಂತ ಸ್ಪಷ್ಟವಾಗಿ ಹೇಳಿ ಕೇಳ್ಕೊಂಡೇ ಹೋಗಿ. ಹೋಗಿ ಬಂದು ನನಗೆ ಖಂಡಿತ ಬರೀರಿ.

ಪ್ರಶ್ನೆ: ನಮಸ್ಕಾರ್ರಿ ಮೇಡಮ್. ನಮ್ಮ ಕಡೆ ಒಂದು ಹೊಸಾ ಕರಾಟೆ ಕ್ಲಾಸ್ ಚಾಲೂ ಆಗೇತ್ರಿ, ಒಂದ ವರ್ಷದಾಗ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ ಅಂತ ಬೋರ್ಡ್ ಹಾಕ್ಯಾರ. ನಾ ಮನ್ಯಾಗ ಎರಡು ವರ್ಷದಿಂದ ಪ್ರಾಕ್ಟೀಸ್ ಮಾಡಾಕತ್ತೀನಿ, ಅದನ್ನ ಹೇಳಿದ್ರ ಆರ ತಿಂಗಳದಾಗ ಕೊಡ್ತೀನಿ ಅಂದ್ರು. ಹೋಗ್ಲೋ ಬ್ಯಾಡೋ?
— ಬೆಳಗಾವಿ ಜಿಲ್ಲೆ

ಉತ್ತರ: ಬ್ಯಾಡ್ರಿ. ಶೊಟೊಕಾನ್ ಥರದ ಕರಾಟೆ ಶೈಲಿಯಲ್ಲಿ ವಾರಕ್ಕೆ ಮೂರು ದಿನ ತಪ್ಪದೇ ಹೋದವರಿಗೂ ಬ್ಲ್ಯಾಕ್ ಬೆಲ್ಟ್ ಬರೋಕೆ ನಾಲ್ಕೈದು ವರ್ಷ ಸುಲಭವಾಗಿ ಆಗುತ್ತೆ. ನಿಮ್ಮ ಒಂದು ಕಿಕ್ ಕೂಡ ನೋಡದೇ ಆರು ತಿಂಗಳು ಅಂದ್ರಲ್ಲ, ಅವರು ನೋಡಿದ್ದು ನಿಮ್ಮ ಎಕ್ಸಾಮ್ ಫೀಸನ್ನ. ಕರಾಟೆಯಲ್ಲಿ ಸಂಸ್ಥೆಗಳು ಬಹಳ, ಗೋಡೆ ತುಂಬಾ ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಏನೂ ಗೊತ್ತಾಗಲ್ಲ. ಟೇಕ್ವಾಂಡೋ ಆದ್ರೆ ಸಿಯೋಲ್‌ನ ಕುಕ್ಕಿವಾನ್ ಸಂಸ್ಥೆ ಕೊಡೋ ಡಾನ್ (ಬ್ಲ್ಯಾಕ್ ಬೆಲ್ಟ್ ದರ್ಜೆ) ಸರ್ಟಿಫಿಕೇಟ್ ಅಂತ ಇದೆ, ಅದಕ್ಕೆ ನಂಬರ್ ಇರುತ್ತೆ, ಕೇಳಿ ನೋಡಬಹುದು. ಅದಕ್ಕಿಂತ ಒಳ್ಳೇ ಪರೀಕ್ಷೆ ಅಂದ್ರೆ ಅಲ್ಲಿ ಎರಡು ಮೂರು ವರ್ಷದಿಂದ ಇರೋ ಹಳೇ ವಿದ್ಯಾರ್ಥಿಗಳನ್ನ ನೋಡೋದು. ಅವರು ಹೊಸಬರಿಗೆ ಸಹಾಯ ಮಾಡ್ತಾರಾ ಅಥವಾ ಹೊಡೆದು ಖುಷಿ ಪಡ್ತಾರಾ, ಬರೀ ಗಾಳಿಯಲ್ಲಿ ಕಟಾ (ಗೊತ್ತುಪಡಿಸಿದ ಚಲನೆಗಳ ಸರಣಿ) ಮಾಡ್ತಾರಾ ಅಥವಾ ಗ್ಲೌಸ್, ಮೌತ್‌ಗಾರ್ಡ್ ಹಾಕ್ಕೊಂಡು ಹದವಾಗಿ ಸ್ಪಾರಿಂಗೂ ಮಾಡ್ತಾರಾ, ಯಾರಿಗಾದ್ರೂ ಪೆಟ್ಟಾದ್ರೆ ಐಸ್, ಬ್ಯಾಂಡೇಜ್ ಏನಾದ್ರೂ ಇದೆಯಾ. ಹಳಬರು ಯಾರೂ ಇಲ್ಲ, ಎಲ್ಲಾ ಬಂದು ಬಂದು ಬಿಟ್ಟು ಹೋಗಿದಾರೆ ಅಂದ್ರೆ ಆ ಕ್ಲಾಸ್ ಬಗ್ಗೆ ಅದೇ ಉತ್ತರ. ಮತ್ತೆ ಒಂದು ವರ್ಷದ ಫೀಸು ಮೊದಲೇ ಕೊಡಿ ಅಂದ್ರೆ ಕೊಡಬೇಡಿ, ತಿಂಗಳಿಗೊಂದು ಸಲ ಅಂತ ಮಾತಾಡಿ.

ನಿಮ್ಮ ಎರಡು ವರ್ಷಕ್ಕೆ ಬೆಲೆ ಕೊಡೋ ಗುರುಗಳು ಬೆಲ್ಟ್ ತೋರಿಸಿ ಕರಿಯಲ್ಲ. ಒಂದೆರಡು ವಾರ ನಿಮ್ಮನ್ನ ನೋಡಿ, ಇದು ಸರಿ ಇದೆ ಇದು ಸರಿ ಇಲ್ಲ ಅಂತ ನೇರ ಹೇಳ್ತಾರೆ. ಅಂಥವರು ಇಪ್ಪತ್ತು ಕಿಲೋಮೀಟರ್ ದೂರ ಇದ್ರೂ ಬಸ್ ಹತ್ತಿ ಹೋಗ್ರಿ.

ಪ್ರಶ್ನೆ: ಮೈಸೂರಲ್ಲಿ ಕಿಕ್‌ಬಾಕ್ಸಿಂಗ್ ಕ್ಲಾಸಿಗೆ ಸೇರಿ ಎರಡು ತಿಂಗಳಾಯ್ತು. ಬ್ಯಾಗ್ ಮೇಲೆ, ಪ್ಯಾಡ್ ಮೇಲೆ ನನ್ನ ಕಿಕ್ ಅಲ್ಲಿರೋ ಸೀನಿಯರ್‌ಗಳಿಗಿಂತ ಚೆನ್ನಾಗಿದೆ ಅಂತ ಕೋಚೇ ಹೇಳಿದಾರೆ. ಆದ್ರೆ ಸ್ಪಾರಿಂಗಲ್ಲಿ ನನಗಿಂತ ನಿಧಾನ ಇರೋ ಹುಡುಗಿ ಕೈಲೂ ಏಟು ತಿಂತೀನಿ, ನನ್ನ ಒಂದು ಕಿಕ್ಕೂ ತಾಗಲ್ಲ. ಮನಸ್ಸು ಮುರಿದು ಹೋಗಿದೆ, ಮತ್ತೆ ಮನೇಲೇ ಮಾಡೋಣ ಅನ್ಸುತ್ತೆ.
— ಮೈಸೂರು

ಉತ್ತರ: ಬಿಡಬೇಡಿ, ದಯವಿಟ್ಟು. ಮನೇಲಿ ಕಲಿತವರಲ್ಲಿ ಸುಮಾರು ಜನ ಕ್ಲಾಸ್ ಬಿಡೋದು ಸರಿಯಾಗಿ ಈ ಹೊತ್ತಲ್ಲೇ. ನಿಮ್ಮ ಕಿಕ್ ಚೆನ್ನಾಗಿರೋದೂ ನಿಜ, ತಾಗದೇ ಇರೋದೂ ನಿಜ, ಎರಡೂ ಒಟ್ಟಿಗೆ ನಿಜ ಆಗಬಹುದು. ಆ ಹುಡುಗಿ ನಿಮ್ಮ ಕಾಲನ್ನ ನೋಡ್ತಾ ಇಲ್ಲ, ಕಿಕ್‌ಗೆ ಮುಂಚೆ ನಿಮ್ಮ ಭಾರ ಒಂದು ಕಾಲಿಗೆ ಹೋಗೋದು, ಭುಜ ಇಳಿಯೋದು, ಉಸಿರು ಎಳ್ಕೊಳ್ಳೋದು ಇವನ್ನ ನೋಡಿ ಅರ್ಧ ಹೆಜ್ಜೆ ಹಿಂದೆ ಹೋಗ್ತಾರೆ. ಬ್ಯಾಗ್ ಮುಂದೆ ನೀವು ಯಾವಾಗಲೂ ನಿಮಗೆ ಅನುಕೂಲವಾದ ದೂರದಲ್ಲಿ, ಅನುಕೂಲವಾದ ಹೊತ್ತಲ್ಲಿ ಹೊಡೆದಿದೀರ. ಈಗ ದೂರ, ಹೊತ್ತು ಎರಡನ್ನೂ ಇನ್ನೊಬ್ಬರು ಬದಲಾಯಿಸ್ತಾ ಇದಾರೆ, ಅಷ್ಟೇ ವ್ಯತ್ಯಾಸ.

ಕೋಚ್ ಹತ್ರ ಕೇಳ್ಕೊಂಡು ಸ್ವಲ್ಪ ದಿನ ಸ್ಪಾರಿಂಗಲ್ಲಿ ಗೆಲ್ಲೋ ಆಸೆ ಬದಿಗಿಟ್ಟು ಒಂದೇ ಕೆಲಸ ಇಟ್ಕೊಳ್ಳಿ, ಇವತ್ತು ಬರೀ ಜಾಬ್ ಮತ್ತು ಟೀಪ್, ಅಂದ್ರೆ ಮುಂದಿನ ಕೈ ಮತ್ತು ಮುಂದಕ್ಕೆ ತಳ್ಳೋ ಕಾಲು, ಇವೆರಡರಿಂದಾನೇ ದೂರ ಅಳೀತೀನಿ ಅಂತ. ಇನ್ನೊಂದು ದಿನ ಏನೂ ಹೊಡಿಯಲ್ಲ, ಬರೀ ತಡೀತೀನಿ, ಕಣ್ಣು ಮುಚ್ಚಲ್ಲ ಅಂತ. ಏಟು ಬರೋವಾಗ ಕಣ್ಣು ಮುಚ್ಚೋದು ಒಬ್ಬರೇ ಕಲಿತವರೆಲ್ಲರಿಗೂ ಇರುತ್ತೆ, ಹಗುರಾಗಿ ನೂರಾರು ಏಟು ಬಂದ ಮೇಲೇ ಅದು ಹೋಗೋದು. ಹಗುರಾಗಿ ಅನ್ನೋದನ್ನ ಒತ್ತಿ ಹೇಳ್ತೀನಿ, 16 ಔನ್ಸ್ ಗ್ಲೌಸ್, ಮೌತ್‌ಗಾರ್ಡ್, ಶಿನ್‌ಗಾರ್ಡ್ ಇಲ್ಲದೇ ಸ್ಪಾರಿಂಗ್ ಬೇಡ, ತಲೆ ಗುಂಯ್ ಅನ್ನೋ ಹಾಗೆ ಹೊಡಿಯೋ ಕ್ಲಾಸ್ ಆಗಿದ್ರೆ ಆ ಕ್ಲಾಸನ್ನೇ ಬದಲಾಯಿಸಿ. ಮತ್ತೆ ಆ ಹುಡುಗಿ ಹತ್ರ ಹೋಗಿ, ನನ್ನ ಕಿಕ್ ಬರೋದು ನಿಮಗೆ ಹೇಗೆ ಗೊತ್ತಾಗುತ್ತೆ ಅಂತ ಕೇಳಿ. ಖಂಡಿತ ಹೇಳ್ತಾರೆ.

ಪ್ರಶ್ನೆ: ವಯಸ್ಸು 44, ಬಿಪಿ ಮಾತ್ರೆ ತಗೋತೀನಿ, ಮನೇಲಿ ಶ್ಯಾಡೋ ಬಾಕ್ಸಿಂಗ್ ಮಾಡ್ತೀನಿ. ಕ್ಲಾಸಿಗೆ ಸೇರೋದು ತಡ ಆಯ್ತಾ?
— ಹಾಸನ

ಉತ್ತರ: ತಡ ಆಗಿಲ್ಲ. ಡಾಕ್ಟರ್ ಹತ್ರ ಕೇಳಿ, ಬಿಪಿ ಹತೋಟಿಯಲ್ಲಿದ್ರೆ ಸೇರಿ, ಕೋಚ್‌ಗೂ ಮಾತ್ರೆ ವಿಷಯ ಹೇಳಿ. ಪ್ಯಾಡ್, ಬ್ಯಾಗ್, ಟೆಕ್ನಿಕ್ ಎಲ್ಲಾ ಮಾಡಿ, ತಲೆಗೆ ಏಟು ಬೀಳೋ ಸ್ಪಾರಿಂಗ್ ಬೇಡ ಅಂತ ಮೊದಲೇ ಮಾತಾಡ್ಕೊಳ್ಳಿ. ಎಷ್ಟೋ ಜಿಮ್‌ನಲ್ಲಿ ನಿಮ್ಮ ವಯಸ್ಸಿನವರು ಹಾಗೇ ಮಾಡ್ತಾ ಇದಾರೆ.

ಪ್ರಶ್ನೆ: ಅಕ್ಕಾ, ನಮ್ಮೂರಿನ ಸುತ್ತ ಯಾವ ಕ್ಲಾಸೂ ಇಲ್ಲ, ಶಿರಸಿಗೆ ಹೋಗೋಕೇ ಒಂದೂವರೆ ಗಂಟೆ, ಮಳೆಗಾಲದಲ್ಲಿ ಬಸ್ಸೂ ಸರಿ ಇರಲ್ಲ. ನಾನು, ನನ್ನ ತಂಗಿ ಇಬ್ಬರೂ ವಿಡಿಯೋ ನೋಡಿ ಬಾಕ್ಸಿಂಗ್ ಮಾಡ್ತೀವಿ. ನಮ್ಮಂಥವರು ಏನು ಮಾಡ್ಬೇಕು?
— ಉತ್ತರ ಕನ್ನಡ

ಉತ್ತರ: ಕ್ಲಾಸಿಗೆ ಹೋಗಿ ಅಂತ ಹೇಳೋದು ನನಗೆ ಸುಲಭ, ನಿಮ್ಮ ಕಷ್ಟ ಅರ್ಥ ಆಗುತ್ತೆ. ಕೀನ್ಯಾದ ಜೂಲಿಯಸ್ ಯೇಗೋ ಜಾವೆಲಿನ್ ಎಸೆಯೋದನ್ನ ಯೂಟ್ಯೂಬ್ ನೋಡಿ ಕಲಿತವರು, ಆಮೇಲೆ ಫಿನ್ಲೆಂಡ್‌ಗೆ ಹೋಗಿ ಕೋಚ್ ಹತ್ರ ಟ್ರೇನಿಂಗ್ ತಗೊಂಡ್ರು, 2015ರಲ್ಲಿ 92.72 ಮೀಟರ್ ಎಸೆದು ವಿಶ್ವ ಚಾಂಪಿಯನ್ ಆದ್ರು. ಅವರ ಥರಾನೇ ನೀವೂ ಮನೇಲಿ ಆಗೋದನ್ನ ಮನೇಲಿ ಚೆನ್ನಾಗಿ ಮಾಡಿ, ಕೋಚ್ ಬೇಕಾದ ಭಾಗಕ್ಕೆ ಮಾತ್ರ ಪ್ರಯಾಣ ಮಾಡಿ. ನಿಮಗೆ ಜೊತೆಗೆ ತಂಗಿ ಇದಾಳೆ, ಅದು ಎಷ್ಟು ದೊಡ್ಡ ಅನುಕೂಲ ಅಂತ ಒಂಟಿಯಾಗಿ ಮಾಡೋರನ್ನ ಕೇಳಿ. ಒಬ್ಬರು ಕೈ ಮುಂದೆ ಚಾಚಿ ಅಂಗೈ ತೋರಿಸೋದು, ಇನ್ನೊಬ್ಬರು ತೋರಿಸಿದ ಕ್ಷಣ ಮುಟ್ಟಿ ಹಿಂದೆ ಬರೋದು. ಮುಖಕ್ಕೆ ಹೊಡೆಯೋದು ಬೇಡ, ಭುಜ ಮುಟ್ಟೋ ಆಟ ಆಡಿ, ಯಾರು ಮೊದಲು ಎದುರಿನವರ ಭುಜ ಮುಟ್ಟ್ತಾರೆ ಅಂತ, ದೂರ ಅಳೆಯೋಕೆ ಅದಕ್ಕಿಂತ ಚೆನ್ನಾಗಿ ಬೇರೆ ಯಾವ ಡ್ರಿಲ್ಲೂ ಕಲಿಸಲ್ಲ, ಗ್ಲೌಸ್ ಕೂಡ ಬೇಡ. ಹಗ್ಗದಾಟ, ಓಟ, ಗುಡ್ಡ ಹತ್ತೋದು ನಿಮ್ಮ ಕಡೆ ಧಾರಾಳ.

ತಿಂಗಳಿಗೊಂದು ಭಾನುವಾರ ಶಿರಸಿಗೋ ಹುಬ್ಬಳ್ಳಿಗೋ ಹೋಗೋಕಾಗುತ್ತಾ ನೋಡಿ, ಕೋಚ್‌ಗೆ ಫೋನ್ ಮಾಡಿ ನಿಮ್ಮ ಪರಿಸ್ಥಿತಿ ಹೇಳಿದ್ರೆ ಒಂದು ದಿನದ ಫೀಸು ತಗೊಂಡು ಹೇಳಿಕೊಡೋರು ಇದಾರೆ. ಹೋಗೋ ಮುಂಚೆ ಮನೇಲಿ ಎರಡು ನಿಮಿಷದ ವಿಡಿಯೋ ಮಾಡ್ಕೊಳ್ಳಿ, ಒಂದು ಎದುರಿನಿಂದ ಒಂದು ಪಕ್ಕದಿಂದ, ಅದನ್ನ ತೋರಿಸಿ "ಇದರಲ್ಲಿ ಮೊದಲು ಸರಿ ಮಾಡ್ಬೇಕಾದ ಎರಡು ವಿಷಯ ಹೇಳಿ" ಅಂತ ಕೇಳಿ. ಹತ್ತು ಕೇಳಿದ್ರೆ ಬಸ್ಸಲ್ಲೇ ಮರೆತು ಹೋಗುತ್ತೆ. ಆ ಎರಡನ್ನ ಬರೆದಿಟ್ಕೊಂಡು ಮುಂದಿನ ಸಲದ ತನಕ ಅದನ್ನೇ ತಿದ್ದಿ, ತಂಗಿ ನಿಮ್ಮನ್ನ ನೋಡ್ಲಿ, ನೀವು ತಂಗಿನ ನೋಡಿ. ಹತ್ತಿರದ ಹೈಸ್ಕೂಲಿನ ಪಿಇಟಿ ಮೇಷ್ಟ್ರನ್ನೂ ಒಂದು ಸಲ ಭೇಟಿ ಮಾಡಿ, ಜಿಲ್ಲೆಯಲ್ಲಿ ಎಲ್ಲಿ ಯಾವ ಕ್ಯಾಂಪ್ ನಡೆಯುತ್ತೆ ಅನ್ನೋ ಸುದ್ದಿ ಅವರಿಗೆ ಬಂದಿರುತ್ತೆ.